ಎಪ್ಪತ್ತಕ್ಕೆ ನಿವೃತ್ತಿ, ಎಂಬತ್ತೊಂದಕ್ಕೆ ವರ್ಷದ ಕೋಚ್: ಅಮೋಸ್ ಅಲೊಂಜೊ ಸ್ಟ್ಯಾಗ್ ಬಗ್ಗೆ ಮಾತಾಡೋಣ ಬನ್ನಿ

ಹಳೇಅಂಗಳ:

ಮೊದಲೇ ಹೇಳಿಬಿಡ್ತೀನಿ, ಇದು ಕಾಲಲ್ಲಿ ಒದೆಯೋ ಫುಟ್‌ಬಾಲ್ ವಿಷಯ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನ ಕಂಕುಳಲ್ಲಿ ಅವಚಿಕೊಂಡು, ಎದುರಿಗೆ ಬಂದವರನ್ನ ಗುದ್ದಿಕೊಂಡು ಓಡೋ ಅಮೆರಿಕದ ಫುಟ್‌ಬಾಲ್. ನನಗೂ ಆ ಆಟದ ಗೀಳೇನಿಲ್ಲ. ಆದರೆ ಎರಡು ವಾರದಿಂದ ಒಬ್ಬ ಮನುಷ್ಯ ತಲೆಯಲ್ಲಿ ಕೂತುಬಿಟ್ಟಿದ್ದಾನೆ. ಇಲ್ಲಿ ಇಳಿಸಿ ಹಗುರಾಗೋಣ ಅಂತ ಬಂದೆ.

ಅಮೋಸ್ ಅಲೊಂಜೊ ಸ್ಟ್ಯಾಗ್. ಹುಟ್ಟಿದ್ದು 1862ರಲ್ಲಿ, ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ. ಸತ್ತಿದ್ದು 1965ರಲ್ಲಿ, ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ. 102 ವರ್ಷ. ಹುಟ್ಟಿದಾಗ ಲಿಂಕನ್ ಅಧ್ಯಕ್ಷ, ಅಂತರ್ಯುದ್ಧದ ಕಾಲ. ಹೋಗೋ ಹೊತ್ತಿಗೆ ಅವರ ದೇಶ ಚಂದ್ರನಿಗೆ ಗಂಟು ಮೂಟೆ ಕಟ್ಟುತ್ತಿತ್ತು.

ಅಪ್ಪ ಬೂಟು ಹೊಲಿದು ಸಂಸಾರ ಸಾಕಿದವರು, ಮನೆ ತುಂಬ ಮಕ್ಕಳು. ಇವನು ಪಾದ್ರಿ ಆಗಬೇಕು ಅಂತ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ ಬೇಸ್‌ಬಾಲ್‌ನಲ್ಲಿ ಚೆಂಡೆಸೆಯೋದರಲ್ಲಿ ಹೆಸರು ಮಾಡಿದ. ವೃತ್ತಿಪರ ತಂಡದವರು ದುಡ್ಡು ಹಿಡಿದು ಬಂದರೂ ಒಲ್ಲೆ ಅಂದ. ಫುಟ್‌ಬಾಲ್‌ನಲ್ಲಿ ಸಾಲಿನ ತುದಿಯಲ್ಲಿ, ಎಂಡ್ ಜಾಗದಲ್ಲಿ ಆಡುತ್ತಿದ್ದ. 1888ರ ಆ ಯೇಲ್ ತಂಡದ ಲೆಕ್ಕ ನೋಡಿ: 13 ಪಂದ್ಯ, 13 ಗೆಲುವು, ಹೊಡೆದ ಅಂಕ 698, ಬಿಟ್ಟುಕೊಟ್ಟಿದ್ದು ಸೊನ್ನೆ. ಮುದ್ರಣದೋಷ ಅಲ್ಲ. ಮರುವರ್ಷ, 1889ರಲ್ಲಿ, ದೇಶದ ಅತ್ಯುತ್ತಮ ಹನ್ನೊಂದು ಜನ ಅಂತ ಮೊಟ್ಟಮೊದಲ ‘ಆಲ್ ಅಮೆರಿಕ’ ಪಟ್ಟಿ ಬಂದಾಗ ಅದರಲ್ಲಿ ಇವನ ಹೆಸರಿತ್ತು.

ಇಷ್ಟಾದರೂ ಪಾದ್ರಿ ಆಗಲಿಲ್ಲ. ಕಾರಣ ಸರಳ, ನಿಂತು ಉಪದೇಶ ಮಾಡೋಕೆ ಬಾಯಿ ಬರ್ತಿರಲಿಲ್ಲ. ವೇದಿಕೆ ಬೇಡ, ಮೈದಾನದಲ್ಲೇ ಹುಡುಗರನ್ನ ತಿದ್ದುತ್ತೀನಿ ಅಂತ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಗೆ ಹೋದ. ಅಲ್ಲಿ ಅವನ ಫುಟ್‌ಬಾಲ್ ತಂಡದ ನಡುಮಧ್ಯೆ ಆಡುತ್ತಿದ್ದ ಹುಡುಗನ ಹೆಸರು ಜೇಮ್ಸ್ ನೈಸ್ಮಿತ್. ಹೌದು, ಬಾಸ್ಕೆಟ್‌ಬಾಲ್ ಹುಟ್ಟಿಸಿದ ನೈಸ್ಮಿತ್ ಅವನೇ. 1892ರ ಮಾರ್ಚ್‌ನಲ್ಲಿ ಜನರೆದುರು ಮೊದಲ ಬಾಸ್ಕೆಟ್‌ಬಾಲ್ ಪಂದ್ಯ ಆಡಿದಾಗ ವಿದ್ಯಾರ್ಥಿಗಳು 5-1ರಿಂದ ಮೇಷ್ಟ್ರುಗಳನ್ನ ಸೋಲಿಸಿದರು. ಮೇಷ್ಟ್ರುಗಳ ಆ ಒಂದೇ ಒಂದು ಅಂಕ ಸ್ಟ್ಯಾಗ್‌ದು.

ಈಗ ನನ್ನ ತಲೆ ಕೆಡಿಸಿರೋ ಭಾಗ. ಯೇಲ್‌ನಲ್ಲಿ ಇವನಿಗೆ ಪಾಠ ಹೇಳಿದ್ದ ವಿಲಿಯಂ ರೇನಿ ಹಾರ್ಪರ್ ಅನ್ನೋ ಪಂಡಿತರು ಶಿಕಾಗೊದಲ್ಲಿ ಹೊಸ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ತರಗತಿಗಳಿನ್ನೂ ಶುರುವಾಗಿರಲಿಲ್ಲ, ಆಗಲೇ ಸ್ಟ್ಯಾಗ್‌ನ ಕರೆಸಿದರು. ವರ್ಷಕ್ಕೆ 2,500 ಡಾಲರ್ ಸಂಬಳ, ಜೊತೆಗೆ ಅಧ್ಯಾಪಕ ಹುದ್ದೆ, ಅದೂ ಕಾಯಂ. ನಮ್ಮ ಕಾಲೇಜುಗಳ ಪಿ.ಡಿ. ಇದ್ದಾರಲ್ಲ, ಫಿಸಿಕಲ್ ಡೈರೆಕ್ಟರು, ಅವರಿಗೆ ಪ್ರೊಫೆಸರ್ ಕುರ್ಚಿ ಹಾಕಿ ಕೂರಿಸಿದ ಹಾಗೆ. 1892ರಿಂದ 1932ರವರೆಗೆ, 41 ಋತು, ಆ ಕುರ್ಚಿ ಅವನದೇ.

ನನ್ನ ಪ್ರಶ್ನೆ ಇಷ್ಟು. ಈ ಮನುಷ್ಯ ಆಟಕ್ಕೆ ಮರ್ಯಾದೆ ತಂದುಕೊಟ್ಟ ಮೇಷ್ಟ್ರಾ, ಇಲ್ಲ ಕಾಲೇಜಿನೊಳಗೆ ಆಟದ ಅಂಗಡಿ ತೆರೆದ ಮೊದಲ ಸಾಹುಕಾರನಾ? ನನಗೆ ಎರಡೂ ಅನ್ನಿಸ್ತಿದೆ.


ಹೊಸಬ_07:

ಆಟದ ನಿಯಮವೇ ಗೊತ್ತಿಲ್ಲದವರಿಗೆ ಎರಡು ಸಾಲಲ್ಲಿ ಹೇಳಿ ಗುರುಗಳೇ. ಟೀವಿಯಲ್ಲಿ ನೋಡಿದಾಗ ಹತ್ತು ಸೆಕೆಂಡು ಆಟ, ಎರಡು ನಿಮಿಷ ನಿಂತು ಮಾತು. ಏನು ನಡೀತಿದೆ ಅಂತಲೇ ತಿಳಿಯಲ್ಲ.


ಹಳೇಅಂಗಳ:

ಕಬಡ್ಡಿ ಗೊತ್ತಲ್ಲ? ಹಾಗೇ ಹಿಡಿಯೋ ಆಟ, ಕೈಯಲ್ಲೊಂದು ಚೆಂಡಿದೆ ಅಂದ್ಕೊಳ್ಳಿ. ಹಿಡಿದು ಕೆಡವಿದರೆ ಆಟ ಅಲ್ಲಿಗೆ ನಿಲ್ಲುತ್ತೆ, ಬಿದ್ದ ಜಾಗದಿಂದ ಮತ್ತೆ ಶುರು. ಇಂತಿಷ್ಟು ಸಲದೊಳಗೆ ಇಂತಿಷ್ಟು ಗಜ ಮುಂದೆ ಹೋಗಲೇಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. 1905ರವರೆಗೆ ಮೂರು ಸಲಕ್ಕೆ ಐದು ಗಜ ಸಾಕಿತ್ತು. ಅದಕ್ಕೇ ಎಲ್ಲರೂ ಒಬ್ಬರಿಗೊಬ್ಬರು ತೋಳು ಹೆಣೆದುಕೊಂಡು ದನ ನುಗ್ಗಿದ ಹಾಗೆ ನುಗ್ಗುತ್ತಿದ್ದರು. ಚೆಂಡನ್ನ ಕೈಯಿಂದ ಮುಂದಕ್ಕೆ ಎಸೆಯೋ ಹಾಗಿರಲಿಲ್ಲ. ಆ ನಡುವಿನ ಎರಡು ನಿಮಿಷದ ಮಾತು ಇದೆಯಲ್ಲ, ಗುಂಪುಗೂಡಿ ಪಿಸುಗುಡೋದು, ಅದಕ್ಕೆ ಹಡಲ್ ಅಂತಾರೆ. ಅದರ ಕಥೆ ಆಮೇಲೆ.


ನಿವೃತ್ತ_ಪಿಡಿ:

ಮೊದಲಿಗೆ ಒಂದು ಬಿನ್ನಹ. ನೂರೆರಡು ವರ್ಷ ಬಾಳಿದ ಹಿರಿಯರು, ಮೇಲಾಗಿ ಮೇಷ್ಟ್ರು. ಏಕವಚನ ಸ್ವಲ್ಪ ಕಡಿಮೆ ಮಾಡಿದರೆ ಒಳ್ಳೆಯದಿತ್ತು.

ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದವನು. ಕಾಲೇಜಿನ ಹೆಸರು ಬೇಡ. ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಹೋಗಿ ಡಬ್ಬದಲ್ಲಿ ಸುಣ್ಣದ ಪುಡಿ ತುಂಬಿಕೊಂಡು ಟ್ರ್ಯಾಕಿನ ಗೆರೆ ಎಳೆಯುತ್ತಿದ್ದೆ. ಹನ್ನೊಂದಕ್ಕೆ ಸ್ಟಾಫ್ ಮೀಟಿಂಗ್. ಒಳಗೆ ಹೋದರೆ ಪ್ಯಾಂಟಿನ ತುದಿಗೆಲ್ಲ ಸುಣ್ಣ. ಒಮ್ಮೆ ಪಠ್ಯದ ಹೊರೆ ಬಗ್ಗೆ ಚರ್ಚೆ ನಡೆದಿತ್ತು, ನಾನೂ ಏನೋ ಹೇಳಲು ಬಾಯಿ ತೆರೆದೆ. ಹಿರಿಯರೊಬ್ಬರು ನಗುತ್ತಲೇ “ನೀವು ಗೇಟ್ ಹತ್ತಿರ ಸ್ವಲ್ಪ ನೋಡಿಕೊಳ್ಳಿ ಸರ್, ಹುಡುಗರು ಗಲಾಟೆ ಮಾಡ್ತಿದ್ದಾರೆ” ಅಂದರು. ಎದ್ದು ಹೋದೆ. ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

ಹಾಗಾಗಿ ಹಾರ್ಪರ್ ಅವರು 1892ರಲ್ಲೇ ಕ್ರೀಡೆಯವರನ್ನು ಅಧ್ಯಾಪಕರ ಸಾಲಿನಲ್ಲಿ ಕೂರಿಸಿದರು ಅಂತ ಓದಿದಾಗ ನನಗೆ ಸಾಹುಕಾರಿಕೆ ನೆನಪಾಗುವುದಿಲ್ಲ. ಆ ಕುರ್ಚಿ ಕಾಣುತ್ತದೆ. ಅಲ್ಲಿಯವರೆಗೆ ಕೋಚ್ ಎಂದರೆ ಋತುವಿಗೆ ಬಂದು ಹೋಗುವ ಹಳೆಯ ವಿದ್ಯಾರ್ಥಿ, ಅಷ್ಟೇ.

ಇನ್ನೊಂದು ಮಾತು. ಸ್ಪ್ರಿಂಗ್‌ಫೀಲ್ಡ್ ಎಂಬ ಹೆಸರು ನಮ್ಮ ವೃತ್ತಿಯವರಿಗೆ ಹೊಸದಲ್ಲ. ಅಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಅವರೇ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದ್ದು. ನನ್ನ ಗುರುಗಳು ಅಲ್ಲಿ ಓದಿದವರು. ಸೀಟಿ ಊದುವುದಕ್ಕೂ ಒಂದು ರೀತಿ ಇದೆ ಅಂತ ಕಲಿಸಿದವರು. ಸ್ಟ್ಯಾಗ್ ಅವರು ಪಾಠ ಹೇಳಿದ ಅಂಗಳದ ಧೂಳು ಸುತ್ತಿಬಳಸಿ ನಮ್ಮ ಕಾಲಿಗೂ ಹತ್ತಿದೆ.


ಧಾರವಾಡಪೇಡೆ:

ಪಿಡಿ ಸರ್, ನಿಮ್ಮ ಮಾತು ಮನಸ್ಸಿಗೆ ಹತ್ತಿತು. ಖರೇನ ಹೇಳ್ತೀನಿ. ಆದರ ಕುರ್ಚಿ ಚಂದ ಐತಿ ಅಂತ ಕೂತವರ ಲೆಕ್ಕಾ ಕೇಳಬಾರದೇನ್ರಿ?

ನೋಡ್ರಿ, ಸ್ಟ್ಯಾಗ್ ಸಾಹೇಬ್ರು ಬರೇ ಕುರ್ಚಿ ಪಡೀಲಿಲ್ಲ. ಅವರ ಇಲಾಖೆ ರೊಕ್ಕ ಬ್ಯಾರೆ, ಲೆಕ್ಕ ಬ್ಯಾರೆ. ಉಳಿದ ಪ್ರಾಧ್ಯಾಪಕರು ಏನೂ ಕೇಳೂಹಂಗಿರಲಿಲ್ಲ, ನೇರ ಅಧ್ಯಕ್ಷರ ಕಡೆ ಹೋಗೂದು. ಟಿಕೆಟ್ ಮಾರಿ ಬಂದ ರೊಕ್ಕದಾಗ ಇಲಾಖೆ ಬೆಳೀತು. 1902ರಿಂದ ದೇಶದ ಹೈಸ್ಕೂಲ್ ಹುಡುಗರಿಗೆ ಶಿಕಾಗೊದಾಗ ಒಂದು ದೊಡ್ಡ ಅಥ್ಲೆಟಿಕ್ಸ್ ಕೂಟ ಇಟ್ಟರು. ಬಂದ ಹುಡುಗರನ್ನ ವಿದ್ಯಾರ್ಥಿಗಳ ಮನ್ಯಾಗ ಇಳಿಸಿ, ಉಣಿಸಿ ತಿನಿಸಿ, ಊರು ತೋರಿಸಿ ಕಳಸೂದು. ಇದು ಕ್ರೀಡಾಕೂಟೋ, ಕನ್ಯಾ ನೋಡು ಶಾಸ್ತ್ರಾನೋ ನೀವ ಹೇಳ್ರಿ.

ವಾಲ್ಟರ್ ಎಕರ್ಸಾಲ್ ಕಥಿ ತಗೋರಿ. ವಿಶ್ವವಿದ್ಯಾಲಯದ ಬಾಜೂಕ ಇದ್ದ ಹೈಡ್ ಪಾರ್ಕ್ ಹೈಸ್ಕೂಲಿನ ಹುಡುಗ. 1902ರಾಗ ಆ ಸಾಲಿ ಬ್ರೂಕ್ಲಿನ್‌ನಿಂದ ಬಂದ ತಂಡಾನ 105-0 ಬಡೀತು. ಹೈಸ್ಕೂಲ್ ಮ್ಯಾಚ್‌ರೀ ಅದು! ಆ ಹುಡುಗರಿಗೆ ತಯಾರಿ ಮಾಡಸಾಕ ಶಿಕಾಗೊದ ಸ್ಟ್ಯಾಗ್, ಮಿಷಿಗನ್‌ನ ಕೋಚ್ ಫೀಲ್ಡಿಂಗ್ ಯೋಸ್ಟ್, ಇಬ್ಬರೂ ಹೋಗಿದ್ದರು. ಯಾಕ ಅಂತ ಬಿಡಿಸಿ ಹೇಳಬೇಕಾ? ಕಡೀಕ ಹುಡುಗ ಶಿಕಾಗೊಕ್ಕ ಬಂದ. 1904, 1905, 1906, ಮೂರೂ ವರ್ಷ ಆಲ್ ಅಮೆರಿಕ. ಪದವಿ ಮಾತ್ರ ಮುಗೀಲಿಲ್ಲ. ಆಮ್ಯಾಲ ಶಿಕಾಗೊ ಟ್ರಿಬ್ಯೂನ್‌ನಾಗ ಕ್ರೀಡಾ ವರದಿ ಬರಕೋತ ಹೋದ. ಪ್ರೊಫೆಸರ್ ಕುರ್ಚಿ ಮ್ಯಾಲ ಕೂತ ಕೋಚ್‌ಗೆ ಹುಡುಗನ ಹಾಜರಿ ಪುಸ್ತಕ ಕಾಣಲಿಲ್ಲೇನ್ರಿ?


ಕಡಲತಡಿ:

ಎಂಥ ಮಾರಾಯ್ರೆ, ಕನ್ಯಾ ನೋಡುವ ಶಾಸ್ತ್ರ ಅಂತೆ! ಚಹಾ ಮೂಗಿಗೆ ಹೋಯ್ತು.

ನಾನು ಕೇಳಿದ್ದು ಇಷ್ಟೇ. ಈ ಸ್ಟ್ಯಾಗಜ್ಜ ಬೀಡಿ ಸಿಗರೇಟು ಇಲ್ಲ, ಹೆಂಡ ಇಲ್ಲ, ಬೈಗುಳವೂ ಇಲ್ಲ. ತೀರಾ ಸಿಟ್ಟು ಬಂದರೆ ಆಟಗಾರನಿಗೆ “ಕತ್ತೆ” ಅಂತಿದ್ದರಂತೆ. ಇನ್ನೂ ಸಿಟ್ಟು ಬಂದರೆ “ಡಬಲ್ ಕತ್ತೆ”. ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರ ಲೆಕ್ಕದಲ್ಲಿ ಅದು ಪ್ರೀತಿಯ ಮಾತು.


ಅಂಕಿಸಂಖ್ಯೆ:

ಎಕರ್ಸಾಲ್ ಹೆಸರು ಬಂತಲ್ಲ, ಹಾಗಾದರೆ 1905ರ ನವೆಂಬರ್ 30ರ ಪಂದ್ಯ ಹೇಳದೆ ಮುಂದೆ ಹೋಗೋ ಹಾಗಿಲ್ಲ.

ಯೋಸ್ಟ್‌ನ ಮಿಷಿಗನ್ ತಂಡ 1901ರಿಂದ 56 ಪಂದ್ಯ ಸೋತಿರಲಿಲ್ಲ. 55 ಗೆಲುವು, ಒಂದು ಸಮ. ನಿಮಿಷಕ್ಕೊಂದು ಅಂಕ ಹೊಡೆಯೋ ತಂಡ ಅಂತಲೇ ಹೆಸರು. ಶಿಕಾಗೊದ ಮೈದಾನಕ್ಕೆ ಸುಮಾರು 27,000 ಜನ ಬಂದಿದ್ದರು, ಥ್ಯಾಂಕ್ಸ್‌ಗಿವಿಂಗ್ ರಜಾ. ಎರಡೂ ಕಡೆ ಗೋಡೆಗೆ ಗೋಡೆ. ಎದುರಾಳಿಯ ಗೋಲು ಗೆರೆ ದಾಟೋಕೆ ಯಾರಿಗೂ ಆಗ್ತಿಲ್ಲ, ಹೊತ್ತು ಜಾರ್ತಿದೆ, 0-0.

ಎಕರ್ಸಾಲ್ ಎತ್ತರಕ್ಕೆ ಉದ್ದಕ್ಕೆ ಒಂದು ಒದೆ ಒದ್ದ. ಚೆಂಡು ಮಿಷಿಗನ್‌ನ ಗೋಲು ಗೆರೆ ದಾಟಿ ಹಿಂದೆ ಹೋಯ್ತು. ಅಲ್ಲಿದ್ದ ಡೆನ್ನಿ ಕ್ಲಾರ್ಕ್ ಹಿಡಿದ. ಹಿಡಿದು ಅಲ್ಲೇ ನೆಲಕ್ಕೆ ಒತ್ತಿದ್ದರೆ ಮುಗೀತಿತ್ತು, ಏನೂ ನಷ್ಟವಿಲ್ಲ. ಅವನು ಓಡೋಣ ಅಂದ್ಕೊಂಡ. ಗೆರೆ ದಾಟಿ ಆಚೆ ಬಂದ, ಒಂದೇ ಒಂದು ಗಜ. ಅಷ್ಟರಲ್ಲಿ ಶಿಕಾಗೊದ ಇಬ್ಬರು ಮೈಮೇಲೆ ಬಿದ್ದು, ಎತ್ತಿಕೊಂಡವರ ಹಾಗೆ ಅವನನ್ನ ವಾಪಸ್ ಗೆರೆಯ ಹಿಂದಕ್ಕೆ ತಳ್ಳಿಬಿಟ್ಟರು. ಅದಕ್ಕೆ ಸೇಫ್ಟಿ ಅಂತಾರೆ, ಎರಡು ಅಂಕ. ಪಂದ್ಯ 2-0. ಐದು ವರ್ಷದ ಸಾಮ್ರಾಜ್ಯ ಒಂದು ಗಜದಲ್ಲಿ ಹೋಯ್ತು, ಆ ಹುಡುಗನ ತಲೆಮೇಲೆ ಜೀವಮಾನದ ಅಪವಾದ ಕೂತಿತು.

ಹಾರ್ಪರ್ ಆಗ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದರು. 1906ರ ಜನವರಿ 10ಕ್ಕೆ ತೀರಿಕೊಂಡರು. ತಾವು ಕರೆತಂದವನ ಅತಿದೊಡ್ಡ ಗೆಲುವು ಕಿವಿಗೆ ಬೀಳೋ ತನಕ ಇದ್ದರು ಅನ್ನೋದಷ್ಟೇ ಸಮಾಧಾನ.


ಹಳೇಅಂಗಳ:

@ನಿವೃತ್ತ_ಪಿಡಿ ಸರ್, ಒಪ್ಪಿದೆ. ಇನ್ನು ಮುಂದೆ ‘ಅವರು’. ಮರೆತರೆ ಬೈಯಿರಿ, ಡಬಲ್ ಕತ್ತೆ ಅಂದರೂ ಪರವಾಗಿಲ್ಲ.

ಅಂಕಿಸಂಖ್ಯೆ ಹೇಳಿದ ವರ್ಷವೇ ಇನ್ನೊಂದು ಕಾರಣಕ್ಕೂ ಮುಖ್ಯ. ಆ ಋತುವಿನಲ್ಲಿ ಫುಟ್‌ಬಾಲ್ ಮೈದಾನದಲ್ಲಿ ಹದಿನೆಂಟು ಹತ್ತೊಂಬತ್ತು ಹುಡುಗರು ಸತ್ತರು ಅಂತ ಆಗಿನ ಪತ್ರಿಕೆಗಳ ಲೆಕ್ಕ. ತಲೆಗೆ ಶಿರಸ್ತ್ರಾಣ ಕಡ್ಡಾಯ ಇರಲಿಲ್ಲ. ಒಂದು ಕಡೆಯ ಅಷ್ಟೂ ಜನ ಒಬ್ಬನ ಮೇಲೆ ನುಗ್ಗೋದೇ ತಂತ್ರ. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆ ಅಕ್ಟೋಬರ್‌ನಲ್ಲೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನ ಶ್ವೇತಭವನಕ್ಕೆ ಕರೆಸಿ ಮಾತಾಡಿದ್ದರು. ಮುಂದಿನ ವರ್ಷ ನಿಯಮ ಬದಲಾಯ್ತು. ಐದು ಗಜ ಹೋಗಿ ಹತ್ತು ಗಜ ಆಯ್ತು, ಚೆಂಡನ್ನ ಮುಂದಕ್ಕೆ ಎಸೆಯೋದಕ್ಕೆ ಒಪ್ಪಿಗೆ ಸಿಕ್ತು. ಎಸೆತ ಯಾರ ಕೈಗೂ ತಾಗದೆ ನೆಲಕ್ಕೆ ಬಿದ್ದರೆ ಚೆಂಡೇ ಎದುರಾಳಿಗೆ! ಹೊಸ ಸೊಸೆಗೆ ಅಡುಗೆಮನೆ ಬೀಗದಕೈ ಕೊಟ್ಟು ಉಪ್ಪಿನ ಡಬ್ಬ ಬಚ್ಚಿಟ್ಟ ಹಾಗೆ.

ಸ್ಟ್ಯಾಗ್ ನಿಯಮ ಸಮಿತಿಯಲ್ಲಿ ಇದ್ದರು. ಉಳಿದ ಎಷ್ಟೋ ಹಳಬರು ಮೂಗು ಮುರಿಯುವಾಗ ಇವರು ಕೂತು ಎಸೆತದ ಆಟಗಳನ್ನ ಬರೆಯತೊಡಗಿದರು. ನನಗೆ ಅವರಲ್ಲಿ ಇಷ್ಟವಾಗೋದು ಇದೇ. ನಲವತ್ತು ದಾಟಿದ ಮೇಲೆ ತಾನು ಗೆದ್ದ ಆಟವನ್ನೇ ಪಕ್ಕಕ್ಕಿಟ್ಟು ಬೇರೆ ಆಟ ಕಲಿಯೋದು ಸುಲಭ ಅಲ್ಲ.

ಅವರು ಕಂಡುಹಿಡಿದರು ಅನ್ನೋ ಪಟ್ಟಿ ಉದ್ದ ಇದೆ. ಗುದ್ದಿ ಅಭ್ಯಾಸ ಮಾಡೋ ಗೊಂಬೆ, ಅಂಗಿಯ ಮೇಲೆ ನಂಬರು, ಆಟ ಶುರುವಾಗೋ ಮುಂಚೆ ಒಬ್ಬ ಅಡ್ಡಕ್ಕೆ ಓಡೋದು, ಹಡಲ್... ಎಲ್ಲ ಅವರ ತಲೆಗೇ ಕಟ್ಟೋದು ಬೇಡ. ಹಡಲ್ ವಿಷಯ ಈಗ ಹೇಳ್ತೀನಿ. ವಾಷಿಂಗ್ಟನ್‌ನ ಗ್ಯಾಲೊಡೆಟ್ ಕಿವುಡರ ಕಾಲೇಜು. ಅಲ್ಲಿಯ ಹುಡುಗರು ಕೈಸನ್ನೆಯಲ್ಲಿ ಆಟ ಹೇಳುವಾಗ ಎದುರಾಳಿ ನೋಡಬಾರದು ಅಂತ 1890ರ ದಶಕದ ಮೊದಲಲ್ಲೇ ವೃತ್ತ ಕಟ್ಟಿ ನಿಲ್ಲತೊಡಗಿದ್ದರು. ಆ ಕೀರ್ತಿ ಅವರಿಗೇ ಇರಲಿ.


ಮಿಡ್‌ವೇಕನ್ನಡತಿ:

ನಾನು ಶಿಕಾಗೊದವಳು, ಅಂದರೆ ಹನ್ನೆರಡು ವರ್ಷದಿಂದ. ಮೂಲ ಮೈಸೂರು. ಈ ಥ್ರೆಡ್ ನೋಡಿ ಸುಮ್ಮನಿರೋಕೆ ಆಗಲಿಲ್ಲ.

ನೀವೆಲ್ಲ ಹೇಳ್ತಿರೋ ಆ ಮೈದಾನ ಈಗಿಲ್ಲ. ಮೊದಲು ಜಾಗ ಕೊಟ್ಟ ವ್ಯಾಪಾರಿ ಮಾರ್ಷಲ್ ಫೀಲ್ಡ್ ಹೆಸರಿತ್ತು, ಆಮೇಲೆ ಸ್ಟ್ಯಾಗ್ ಫೀಲ್ಡ್ ಆಯ್ತು. 1939ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ನಿಲ್ಲಿಸಿತು. ಗ್ಯಾಲರಿಗಳು ಖಾಲಿ ಬಿದ್ದವು. ಪಶ್ಚಿಮದ ಗ್ಯಾಲರಿ ಕೆಳಗೆ ರ‍್ಯಾಕೆಟ್ ಆಡೋ ಒಂದು ಕೋಣೆ ಇತ್ತು. 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ತಂಡ ಮನುಷ್ಯ ಮಾಡಿದ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಸಿದ್ದು ಆ ಕೋಣೆಯಲ್ಲಿ. ಗ್ರಾಫೈಟ್ ಇಟ್ಟಿಗೆ ಒಂದರ ಮೇಲೊಂದು ಪೇರಿಸಿ. ಕೋಚ್ ಹೋಗಿ ಹತ್ತು ವರ್ಷ ಆಗಿತ್ತು, ಹೆಸರು ಮಾತ್ರ ಬಾಗಿಲ ಮೇಲಿತ್ತು.

ಈಗ ಆ ಮೈದಾನದ ಜಾಗದಲ್ಲಿ ರೆಗೆನ್‌ಸ್ಟೈನ್ ಗ್ರಂಥಾಲಯ ನಿಂತಿದೆ, 1970ರದು. ದಕ್ಷಿಣ ಏಷ್ಯಾದ ಪುಸ್ತಕಗಳ ಸಾಲಿನಲ್ಲಿ ಕನ್ನಡದ್ದೂ ಇದೆ. ನಮ್ಮ ಎ.ಕೆ. ರಾಮಾನುಜನ್ ಮೂವತ್ತು ವರ್ಷ ಪಾಠ ಹೇಳಿದ ವಿಶ್ವವಿದ್ಯಾಲಯ ಅಲ್ವಾ. ಮೊದಲ ಸಲ ಅಲ್ಲಿ ಹೋದಾಗ ಹಳೇ ಮೈಸೂರು ಮುದ್ರಣದ ಒಂದು ವಚನ ಸಂಪುಟ ತೆಗೆದೆ. ಒಳಗೆ ಒಣಗಿದ ಗೋಂದಿನ ವಾಸನೆ, ಅಜ್ಜನ ಮನೆ ಬೀರು ತೆರೆದ ಹಾಗೆ. ನಿಂತಿದ್ದ ಜಾಗ ಫುಟ್‌ಬಾಲ್ ಅಂಗಳ ಅಂತ ಆಗ ಗೊತ್ತೇ ಇರಲಿಲ್ಲ.

ಇನ್ನೊಂದು, ಯಾರೂ ಸ್ಟೆಲಾ ಹೆಸರೇ ಎತ್ತಲಿಲ್ಲ! 1894ರಲ್ಲಿ ಮದುವೆ. ಆಕೆ ಶಿಕಾಗೊ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೇ. ಪಂದ್ಯ ನಡೆಯುವಾಗ ಮೇಲೆ ಕೂತು ಒಂದೊಂದು ಆಟವನ್ನೂ ಕಾಗದದ ಮೇಲೆ ಗೆರೆ ಎಳೆದು ದಾಖಲಿಸುತ್ತಿದ್ದರು. ಎದುರಾಳಿ ತಂಡ ಹೇಗೆ ಆಡುತ್ತೆ ಅಂತ ನೋಡಿ ಬಂದು ಹೇಳುತ್ತಿದ್ದರು. ಆಟಗಾರರ ಹರಿದ ಬಟ್ಟೆ ಹೊಲಿಯುತ್ತಿದ್ದರು. ಕಂಪ್ಯೂಟರ್ ಮುಂದೆ ಐದು ಜನ ಕೂತು ಮಾಡೋ ಕೆಲಸ ಈಗ. ಹುದ್ದೆ ಇಲ್ಲ, ಸಂಬಳ ಇಲ್ಲ. ಕುರ್ಚಿ ಬಗ್ಗೆ ಇಷ್ಟು ಮಾತಾಡಿದ್ರಲ್ಲ, ಆಕೆಗೆ ಯಾವ ಕುರ್ಚಿ?


ಧಾರವಾಡಪೇಡೆ:

ಅಕ್ಕಾರ, ಇದಕ್ಕ ನನ್ನ ಹತ್ರ ಉತ್ತರ ಇಲ್ಲ.

ಆದರ ಫುಟ್‌ಬಾಲ್ ನಿಲ್ಲಿಸಿದ್ದು ನನಗ ಸರಿನ ಅನಸ್ತದ. ರಾಬರ್ಟ್ ಹಚಿನ್ಸ್ ಅಧ್ಯಕ್ಷ ಆದಾಗ ವಯಸ್ಸು ಬರೇ 30. ವಿಶ್ವವಿದ್ಯಾಲಯ ಅಂದ್ರ ಓದೂ ಜಾಗ ಅಂತ ನಂಬಿದಾಂವ. 1939ರಾಗ ಶಿಕಾಗೊ ತಂಡ ಮಿಷಿಗನ್ ಕೈಯಾಗ 85-0 ಹೊಡತಾ ತಿಂತು. ಹಾರ್ವರ್ಡ್ ಕೈಯಾಗ 61-0. ಓದೂ ಹುಡುಗರನ್ನ ಕಟಗರ ಮನಿಗೆ ಕಳಿಸಿದಂಗ. ನಿಲ್ಲಿಸಲಾರದ ಏನ ಮಾಡಬೇಕಿತ್ತು?


ಹಳೇಅಂಗಳ:

ನಿಲ್ಲಿಸಿದ್ದರ ಬಗ್ಗೆ ನನ್ನ ತಕರಾರು ಇಲ್ಲ. 1932ರಲ್ಲಿ ನಡೆದಿದ್ದರ ಬಗ್ಗೆ ಇದೆ. ಎಪ್ಪತ್ತಾಯ್ತು, ನಿಯಮದ ಪ್ರಕಾರ ನಿವೃತ್ತಿ ಅಂದರು. ಸರಿ. ಬೇಕಾದರೆ ಸಲಹೆಗಾರನ ಹುದ್ದೆ ಕೊಡ್ತೀವಿ ಅಂದರು. ಮೈದಾನ ಇಲ್ಲದ ಹುದ್ದೆ ಯಾರಿಗೆ ಬೇಕು ಅಂತ ಸ್ಟ್ಯಾಗ್ ಗಂಟು ಕಟ್ಟಿದರು. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ ಕಾಲೇಜ್ ಆಫ್ ದಿ ಪೆಸಿಫಿಕ್ ಅನ್ನೋ ಸಣ್ಣ ಕಾಲೇಜು. ಹೆಸರು ಕೇಳಿದವರು ಕಡಿಮೆ. 1933ರಿಂದ ಅಲ್ಲಿ ಕೋಚ್.

1938ರಲ್ಲಿ ಆ ಸಣ್ಣ ಕಾಲೇಜಿನ ತಂಡ ಕಟ್ಟಿಕೊಂಡು ಶಿಕಾಗೊಗೆ ಬಂದರು. ತಮ್ಮದೇ ಹೆಸರಿನ ಮೈದಾನ. ಎದುರಿಗೆ ನಲವತ್ತೊಂದು ವರ್ಷ ತಾವು ಸಾಕಿದ ಬಣ್ಣದ ಅಂಗಿ. ಪೆಸಿಫಿಕ್ 32, ಶಿಕಾಗೊ 0. ನಾನು ಈ ಸಾಲು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆವತ್ತು ಅವರಿಗೆ ಖುಷಿಯಾಯ್ತಾ? ತವರಿಗೆ ಬಂದು ತವರನ್ನೇ ಹೊಡೆದ ಹಾಗೆ ಅಲ್ವಾ.

1943ರಲ್ಲಿ ಯುದ್ಧ. ನೌಕಾಪಡೆಯ ತರಬೇತಿಗೆ ಅಂತ ಒಳ್ಳೊಳ್ಳೆ ಆಟಗಾರರು ಆ ಕಾಲೇಜಿಗೆ ಬಂದರು, ಒಂಬತ್ತರಲ್ಲಿ ಏಳು ಪಂದ್ಯ ಗೆದ್ದರು. ಕೋಚ್‌ಗಳ ಸಂಘ ವರ್ಷದ ಕೋಚ್ ಅಂತ ಆರಿಸಿದ್ದು ಇವರನ್ನೇ. ವಯಸ್ಸು 81. ಇದರಲ್ಲಿ ಕನಿಕರದ ವೋಟು ಎಷ್ಟು, ನಿಜವಾದ ವೋಟು ಎಷ್ಟು ಅಂತ ಧಾರವಾಡದವರು ಕೇಳೇ ಕೇಳ್ತಾರೆ, ಅದಕ್ಕೆ ನಾನೇ ಕೇಳಿಬಿಟ್ಟೆ. ಆದರೂ ಒಂಬತ್ತರಲ್ಲಿ ಏಳು.


ಧಾರವಾಡಪೇಡೆ:

ಕೇಳಾವನ ಇದ್ದೆ. ಬಾಯಿ ಕಟ್ಟಿಬಿಟ್ರಿ.


ಅಂಕಿಸಂಖ್ಯೆ:

ಹುಡುಗರನ್ನ ಹೇಗೆ ತಂದರು ಅನ್ನೋದು ಒಂದು. ಮೈದಾನದಲ್ಲಿ ಹೇಗಿದ್ದರು ಅನ್ನೋದಕ್ಕೆ 1922ರ ಅಕ್ಟೋಬರ್ 28 ನೋಡಿ. ಪ್ರಿನ್ಸ್‌ಟನ್ ಶಿಕಾಗೊಗೆ ಬಂದಿತ್ತು. ರೇಡಿಯೊದಲ್ಲಿ ದೂರದೂರಿಗೆ ಕೇಳಿಸಿದ ಮೊದಲ ಪಂದ್ಯಗಳಲ್ಲಿ ಒಂದು. ಕೊನೇ ಭಾಗಕ್ಕೆ ಬರುವಾಗ ಶಿಕಾಗೊ 18-7 ಮುಂದಿತ್ತು. ಪ್ರಿನ್ಸ್‌ಟನ್ ಮೇಲೆದ್ದು 21-18 ಮಾಡಿತು. ಕೊನೆಯಲ್ಲಿ ಶಿಕಾಗೊ ಗೋಲು ಗೆರೆಯ ಬುಡಕ್ಕೇ ಬಂದು ನಿಂತಿದೆ. ಮೂರೂ ಟಚ್‌ಡೌನ್ (ಚೆಂಡು ಹಿಡಿದು ಗೋಲು ಗೆರೆ ದಾಟೋದು) ಹೊಡೆದಿದ್ದ ಜಾನ್ ಥಾಮಸ್‌ಗೇ ಚೆಂಡು ಕೊಟ್ಟು ನಡುವಿಗೇ ನುಗ್ಗಿಸ್ತಿದ್ದಾರೆ. ಅಲ್ಲಿ ಗೋಡೆ. ಇಡೀ ಗ್ಯಾಲರಿಗೆ ಕಾಣ್ತಿದೆ, ಒಂದು ಎಸೆತ ಸಾಕು ಅಂತ.

ಕೋಚ್ ಏನು ಮಾಡಬಹುದಿತ್ತು? ಬದಲಿ ಆಟಗಾರನ ಕಿವಿಯಲ್ಲಿ ಹೇಳಿ ಒಳಗೆ ಕಳಿಸಬಹುದಿತ್ತು. ಬದಲಿ ಆಟಗಾರನ ಮೂಲಕ ಸಂದೇಶ ಕಳಿಸೋದು ಸರಿಯಲ್ಲ ಅನ್ನೋದು ನಿಯಮ ಸಮಿತಿಯ ಅಭಿಪ್ರಾಯ, ಸ್ಟ್ಯಾಗ್ ಆ ಸಮಿತಿಯವರು. ಕಳಿಸಲಿಲ್ಲ. ಥಾಮಸ್ ಇನ್ನೊಮ್ಮೆ ನುಗ್ಗಿದ, ಗೆರೆಗೆ ಸ್ವಲ್ಪ ಮುಂಚೆ ಬಿದ್ದ. ಸೋತರು.

ಪಾದ್ರಿ ಆಗದಿದ್ದರೂ ಉಪದೇಶ ಬಿಡಲಿಲ್ಲ ಅನ್ಸುತ್ತೆ. ಬಾಯಿ ಬದಲು ಬೆಂಚಿನಿಂದ.

ಶಿಷ್ಯಪರಂಪರೆ ಲೆಕ್ಕಕ್ಕೆ: ಇವರ ಕೈಕೆಳಗೆ ಶಿಕಾಗೊದಲ್ಲಿ ಆಡಿದ ಜೆಸ್ಸಿ ಹಾರ್ಪರ್ ಮುಂದೆ ನಾಟರ್‌ಡೇಮ್ ವಿಶ್ವವಿದ್ಯಾಲಯದ ಕೋಚ್. ಆ ಹಾರ್ಪರ್ ಕೈಕೆಳಗೆ ಬೆಳೆದವನೇ ಹೆಸರಾಂತ ಕೋಚ್ ನ್ಯೂಟ್ ರಾಕ್ನಿ. ಅಂದರೆ ರಾಕ್ನಿ ಇವರಿಗೆ ಪ್ರಶಿಷ್ಯ.


ಕಡಲತಡಿ:

ಒಂದು ಗೆರೆಯ ಆಚೆ ಈಚೆ ಬದುಕೇ ಕಳೆದರಲ್ಲ ಮಾರಾಯ್ರೆ. 1905ರಲ್ಲಿ ಒಂದು ಗಜ ಕೊಟ್ಟಿತು, 1922ರಲ್ಲಿ ಕಿತ್ತುಕೊಂಡಿತು.


ಹೊಸಬ_07:

ಪೆಸಿಫಿಕ್ ನಂತರ ಏನಾಯ್ತು? 81ಕ್ಕೆ ನಿಲ್ಲಿಸಿದರಾ?


ನಿವೃತ್ತ_ಪಿಡಿ:

ಎಲ್ಲಿಯ ನಿಲ್ಲುವುದು! 1946ರವರೆಗೆ ಅಲ್ಲೇ. ಆಮೇಲೆ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ವಿಶ್ವವಿದ್ಯಾಲಯದಲ್ಲಿ ಮಗ ಅಮೋಸ್ ಜೂನಿಯರ್ ಕೋಚ್ ಆಗಿದ್ದ ಕಡೆ ಹೋದರು. 1947ರಿಂದ 1952ರವರೆಗೆ ಅಪ್ಪ ಮಗ ಇಬ್ಬರೂ ಸೇರಿ ತಂಡ ನೋಡಿಕೊಂಡರು. 90ರ ಹಿರಿಯರಿಗೆ ಮಗನ ಜೊತೆ ಮೈದಾನದ ಅಂಚಿನಲ್ಲಿ ನಿಲ್ಲುವ ಭಾಗ್ಯ. ಸ್ಟೆಲಾ ಅವರ ಆರೋಗ್ಯ ಕೆಟ್ಟು ಪ್ರಯಾಣ ಆಗದಂತಾದಾಗ ಸ್ಟಾಕ್ಟನ್‌ಗೇ ಉಳಿದರು. ಅಲ್ಲಿಯ ಕಿರಿಯ ಕಾಲೇಜಿನ ಹುಡುಗರಿಗೆ ಚೆಂಡು ಒದೆಯುವುದನ್ನು ಹೇಳಿಕೊಡುತ್ತ ಇನ್ನೂ ಕೆಲವು ವರ್ಷ ಮೈದಾನಕ್ಕೆ ಹೋದರು. ಸ್ಟೆಲಾ 1964ರಲ್ಲಿ ಹೋದರು, ಇವರು ಮರುವರ್ಷ ಮಾರ್ಚ್‌ನಲ್ಲಿ.

ನಾನು ನಿವೃತ್ತಿಯಾದ ಮೊದಲ ವಾರ ಬೆಳಿಗ್ಗೆ ಆರಕ್ಕೆ ಎಚ್ಚರವಾಗಿ ಕೂತುಕೊಳ್ಳುತ್ತಿದ್ದೆ. ಎಲ್ಲಿಗೆ ಹೋಗಬೇಕು ಎಂದು ತಿಳಿಯುತ್ತಿರಲಿಲ್ಲ. ಹೆಂಡತಿ “ಹಿತ್ತಲಲ್ಲಾದರೂ ಗೆರೆ ಎಳೆಯಿರಿ” ಎಂದು ನಕ್ಕಿದ್ದಳು. ಆದ್ದರಿಂದ 1932ರಲ್ಲಿ ಅವರು ಸಲಹೆಗಾರನ ಕುರ್ಚಿ ಬೇಡ ಎಂದದ್ದು ನನಗೆ ಹಟವಾಗಿ ಕಾಣುವುದಿಲ್ಲ. ಧಾರವಾಡದ ತಮ್ಮ ಹೇಳಿದ ಎಕರ್ಸಾಲ್ ವಿಷಯ ಮಾತ್ರ ಚುಚ್ಚುತ್ತಿದೆ. ಒಳ್ಳೆಯ ಓಟಗಾರನಿಗೆ ಹಾಜರಾತಿ ಕೊಡಿಸಲು ನಾನೂ ಬೇರೆ ವಿಭಾಗದವರ ಬಳಿ ಹೋಗಿ ಕೈಮುಗಿದದ್ದುಂಟು. ಒಂದೆರಡು ಸಲವಲ್ಲ.


ಧಾರವಾಡಪೇಡೆ:

ಸರ್, ಇಷ್ಟು ಪ್ರಾಮಾಣಿಕವಾಗಿ ಬರದ ಮ್ಯಾಲ ನಾ ಏನ ವಾದ ಮಾಡ್ಲಿ? ಆ ಓಟಗಾರ ಹುಡುಗ ಪಾಸಾದನಾ ಇಲ್ಲೋ ಅಷ್ಟು ಹೇಳ್ರಿ.


ನಿವೃತ್ತ_ಪಿಡಿ:

ಎರಡನೆಯ ಸಲಕ್ಕೆ ಪಾಸಾದ. ಈಗ ಅವನೂ ಪಿ.ಡಿ.


ಅಂಕಿಸಂಖ್ಯೆ:

ಅಂಕಿ ಇಲ್ಲದೆ ಹೋದರೆ ನನ್ನ ಹೆಸರಿಗೆ ಅವಮಾನ. ದಾಖಲೆ ಪುಸ್ತಕದಲ್ಲಿ ಸ್ಟ್ಯಾಗ್ ಹೆಸರಿಗೆ ಬರೆದಿದ್ದ ಗೆಲುವು 314. ಅಲಬಾಮಾದ ಬೇರ್ ಬ್ರಯಂಟ್ 1981ರ ನವೆಂಬರ್ 28ರಂದು 315ನೇ ಪಂದ್ಯ ಗೆದ್ದು ಅದನ್ನ ದಾಟಿದರು. ಬಿಗ್ ಟೆನ್ ಅಂತ ಈಗ ಕರೆಯೋ ಲೀಗಿನ ಪ್ರಶಸ್ತಿ ಶಿಕಾಗೊಗೆ ತಂದುಕೊಟ್ಟಿದ್ದು ಏಳು ಸಲ. 1951ರಲ್ಲಿ ಕಾಲೇಜು ಫುಟ್‌ಬಾಲ್ ಕೀರ್ತಿಮಂದಿರಕ್ಕೆ ಆಟಗಾರ, ಕೋಚ್ ಎರಡೂ ಆಗಿ ಸೇರಿದರು. 1959ರಲ್ಲಿ ಬಾಸ್ಕೆಟ್‌ಬಾಲ್‌ನವರೂ ಸೇರಿಸಿಕೊಂಡರು. ಒಂದು ಅಂಕ ಹೊಡೆದಿದ್ದಕ್ಕಲ್ಲ, ಆ ಆಟ ಬೆಳೆಸಿದ್ದಕ್ಕೆ.

ಇನ್ನೊಂದು ತಮಾಷೆ. ಶಿಕಾಗೊ 1969ರಲ್ಲಿ ಫುಟ್‌ಬಾಲ್ ತಂಡ ಮತ್ತೆ ಕಟ್ಟಿತು. ಆದರೆ ಆಡೋದು ಮೂರನೇ ದರ್ಜೆಯಲ್ಲಿ, ಅಲ್ಲಿ ಆಟಕ್ಕೆ ಅಂತ ವಿದ್ಯಾರ್ಥಿವೇತನ ಕೊಡೋ ಹಾಗಿಲ್ಲ. ಆ ದರ್ಜೆಯ ಫೈನಲ್ ಪಂದ್ಯದ ಹೆಸರು ಸ್ಟ್ಯಾಗ್ ಬೌಲ್. ಬಿಗ್ ಟೆನ್‌ನ ಟ್ರೋಫಿಗೂ ಸ್ಟ್ಯಾಗ್ ಹೆಸರೇ, ಅಲ್ಲಿ ಹರಿಯೋದು ಕೋಟಿಗಟ್ಟಲೆ ಡಾಲರ್. ಮೊದಲ ಪೋಸ್ಟಿನ ಪ್ರಶ್ನೆಗೆ ಎರಡೂ ಕಡೆಯವರೂ ಅವರನ್ನ ತಮ್ಮವರು ಅಂತಿದ್ದಾರೆ.


ಹಳೇಅಂಗಳ:

ಇದು ನನಗೆ ಹೊಳೆದಿರಲಿಲ್ಲ. ಹಾಗಾದರೆ ನನ್ನ ‘ಎರಡೂ’ ಪೂರ್ತಿ ತಪ್ಪಲ್ಲ.

@ಮಿಡ್‌ವೇಕನ್ನಡತಿ ಮೇಡಂ, ಒಂದು ಕೆಲಸ ಹೇಳಲಾ? ಗ್ರಂಥಾಲಯದ ಹತ್ತಿರ ಹಳೇ ಮೈದಾನದ ಗುರುತು ಏನಾದರೂ ಉಳಿದಿದೆಯಾ, ಒಂದು ಫೋಟೊ ಹಾಕ್ತೀರಾ?


ಮಿಡ್‌ವೇಕನ್ನಡತಿ:

ಪರಮಾಣು ಕೋಣೆ ಇದ್ದ ಕಡೆ ಹೆನ್ರಿ ಮೂರ್ ಮಾಡಿದ ಕಂಚಿನ ಶಿಲ್ಪ ಇದೆ. ಒಂದು ಕಡೆಯಿಂದ ತಲೆಬುರುಡೆ, ಇನ್ನೊಂದು ಕಡೆಯಿಂದ ಅಣಬೆ ಮೋಡ. ನನ್ನ ಮಗನಿಗೆ ಅದು ಹೆಲ್ಮೆಟ್ ಹಾಗೆ ಕಾಣುತ್ತಂತೆ. ಶನಿವಾರ ಆ ವಚನ ಸಂಪುಟ ವಾಪಸ್ ಕೊಡೋಕೆ ಹೋಗಬೇಕು, ಹಿಮ ಬೀಳದಿದ್ದರೆ ಫೋಟೊ ತೆಗೆದು ಹಾಕ್ತೀನಿ.